ಮೂರು ವರ್ಷದ ದುಡಿಮೆ ಪಲ್ಯವಾದದ್ದು

ಬೀನ್ಸ್ ಕಾಯಿಯ ತುದಿ ಮುರಿದು ನಾರು ಎಳೆಯುವಾಗ ಒಂದು ಹಸಿ ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿದರೆ ನನ್ನ ಕೈ ನಿಂತುಹೋಗುತ್ತದೆ. ಇಂದು ಬೆಳಿಗ್ಗೆ ಮೂಡಲಗಿಯ ನಮ್ಮ ಮನೆಯಲ್ಲಿ ಹಾಗೇ ಆಯಿತು. ಒಂದು ಕಾಯಿಯನ್ನು ಬಾಗಿಸಿ, ಬೆಳಕಿಗೆ ಹಿಡಿದು ನೋಡುತ್ತ ಕೂತಿದ್ದೆ. ಹೆಂಡತಿ ಬುಟ್ಟಿಯನ್ನೇ ಕಸಿದುಕೊಂಡಳು. “ಪಲ್ಯಾಕ್ಕ ಸೋಸಾಕತ್ತೀರೋ, ಪರೀಕ್ಷಾ ನಡಸಾಕತ್ತೀರೋ?”

ಅವಳ ತಪ್ಪಲ್ಲ. ಬೀನ್ಸ್ ತಳಿ ಬೆಳೆಸಿ ಆರಿಸುವುದೇ ನನ್ನ ಹೊಟ್ಟೆಪಾಡು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಣ್ಣ ಬೀಜ ಸಂಸ್ಥೆಯವರು ನನ್ನನ್ನು ಬೆಲ್ಲದ ಬಾಗೇವಾಡಿಗೆ ಕಳಿಸಿದ್ದರು. ಅಲ್ಲಿ ಬಸಪ್ಪ ಕಾಕಾ ಮತ್ತು ಅವರ ಹೆಂಡತಿ ಗಂಗವ್ವ ಕಾಕಿಯ ಹೊಲದಲ್ಲಿ ನಮ್ಮ ಪ್ರಯೋಗ. ಮೇಲವಂಕಿ ಕಡೆಯಿಂದ ತಂದ ಹಳೆಯ ಬಳ್ಳಿ ಬೀನ್ಸಿಗೆ ಬಹಳ ರುಚಿಯೆಂದು ಹೇಳುತ್ತಿದ್ದರು. ಆದರೆ ಅದರ ಎಲೆಗೆ ತುಕ್ಕು ರೋಗ ಬೇಗ. ಹೊರಗಿನ ಗಿಡ್ಡ ತಳಿಗೆ ರೋಗದ ಹೆದರಿಕೆಯಿಲ್ಲ, ಕಾಯಿಯ ರುಚಿ ಮಾತ್ರ ಹುಲ್ಲು. ಎರಡನ್ನೂ ಕೂಡಿಸಬೇಕು. ಮೊಗ್ಗು ಅರಳುವ ಮೊದಲೇ ಚಿಮಟದಿಂದ ಬಿಡಿಸಿ, ಒಳಗಿನ ಕೇಸರ ಕಿತ್ತು, ಇನ್ನೊಂದು ಹೂವಿನ ಪರಾಗ ಮುಟ್ಟಿಸಬೇಕು. ನನ್ನ ಬೆರಳುಗಳೋ ಬದನೆಕಾಯಿಯಂಥವು. ಹತ್ತು ಹೂವು ಮುಟ್ಟಿದರೆ ಒಂಬತ್ತು ಉದುರುತ್ತಿದ್ದವು. ಕಾಕಿ ಬದುವಿನ ಮೇಲೆ ನಿಂತು ನಗುತ್ತಿದ್ದಳು: “ಸಾವಕಾಶ ರೀ ಸಾಹೇಬ್ರ! ಮದಿವಿ ಮಾಡಾಕತ್ತೀರಿ, ಕುಸ್ತಿ ಅಲ್ಲ.”

ಅಂತೂ ಕೆಲವು ಕಾಯಿ ಕಚ್ಚಿದವು. ಅವುಗಳ ಬೀಜ ಬಿತ್ತಿ, ಬಂದದ್ದರಲ್ಲಿ ಒಳ್ಳೆಯದನ್ನು ಆರಿಸಿ, ಮತ್ತೆ ಬಿತ್ತಿ, ಮೂರನೆಯ ವರ್ಷ ನೂರಾರು ಗಿಡಗಳ ನಡುವೆ ಒಂದು ಗಿಡ ಕಣ್ಣಿಗೆ ಬಿತ್ತು. ಎಲೆಯ ಮೇಲೆ ಒಂದು ಚುಕ್ಕಿಯಿಲ್ಲ, ಮೈತುಂಬ ಕಾಯಿ. ಕೆಂಪು ರಿಬ್ಬನ್ ಕಟ್ಟಿದೆ. “ಕಾಕಿ, ಇಡೀ ಹೊಲದಾಗ ಇದ ಚಲೋ ಗಿಡಾ” ಎಂದೆ. ಬೀಜಕ್ಕಾಗಿ ಒಣಗಲು ಬಿಡಬೇಕು ಎಂಬ ಮಾತನ್ನು ಹೇಳಲು ಮರೆತೆ. ಓದಿದವರಿಗೆ ಮುಖ್ಯವಾದದ್ದನ್ನೇ ಮರೆಯುವ ವರವಿರುತ್ತದೆ.

ಒಂದು ದಿನ ನಮ್ಮ ಮೇಲಧಿಕಾರಿ ಹೊಲ ನೋಡಲು ಬಂದರು. ಅವರನ್ನು ಹುಕ್ಕೇರಿಯಿಂದ ಕರೆದುಕೊಂಡು ಬರುವಷ್ಟರಲ್ಲಿ ಕಾಕಿ ಊಟ ಸಿದ್ಧಮಾಡಿದ್ದಳು. ಬಿಸಿ ರೊಟ್ಟಿ, ಶೇಂಗಾ ಪುಡಿ ಹಾಕಿದ ಬೀನ್ಸ್ ಪಲ್ಯ. ಸಾಹೇಬರು ಎರಡನೆಯ ಸಲ ಬಡಿಸಿಕೊಂಡು ಕೇಳಿದರು, “ಇಂಥಾ ಬೀನ್ಸ ತಿಂದಿಲ್ಲ ಬಿಡವ್ವ. ಯಾವ ತಳಿ?”

“ಕೆಂಪು ರಿಬ್ಬನ್ ಕಟ್ಟಿದ್ದ ಗಿಡದ್ದು ರೀ. ನಿಮ್ಮಂಥಾ ಬೀಗರು ಬಂದ್ರ ಚಲೋದ್ದ ನೀಡಬೇಕಲ್ಲ?”

ಅದು ಬೀಜಕ್ಕೆಂದು ಬಿಟ್ಟ ಗಿಡ ಎಂದು ರೊಟ್ಟಿ ಕೆಳಗಿಟ್ಟು ಹೇಳಿದೆ. ವಿಷಯ ತಿಳಿದಾಗ ಕಾಕಿ ತಲೆಯ ಮೇಲೆ ಕೈಯಿಟ್ಟಳು. “ಅಯ್ಯ ನಮ್ಮವ್ವ! ಮೂರ ವರ್ಷದ ದುಡಿಮಿಗಿ ಒಗ್ಗರಣಿ ಹಾಕಿದ್ನೇನ?”

ಎಲ್ಲರೂ ಎಂಜಲುಗೈಯಲ್ಲೇ ಹೊಲಕ್ಕೆ ಓಡಿದೆವು. ಕಾಕಿ ಮಣ್ಣಿನ ಮೇಲೆ ಕೂತು ಎಲೆಗಳನ್ನು ಒಂದೊಂದಾಗಿ ಸರಿಸಿದಳು. ಬುಡದಲ್ಲಿ ನಾಲ್ಕು ಕಾಯಿ! “ಬಲತಿದ್ವು, ಪಲ್ಯಾಕ್ಕ ಬ್ಯಾಡಂತ ಬಿಟ್ಟಿದ್ದೆ” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು.

ಸಾಹೇಬರು ನನ್ನ ವಹಿ ತೆರೆದರು. ಎತ್ತರ, ರೋಗ, ಕಾಯಿಯ ಉದ್ದ ಎಲ್ಲವೂ ಇತ್ತು. “ರುಚಿ ಎಲ್ಲಿ ಬರದೀಪಾ?” ಬರೆದಿರಲಿಲ್ಲ. ಮೂರು ವರ್ಷದಲ್ಲಿ, ಆ ದಿನದ ಊಟದವರೆಗೆ, ನಾನು ನನ್ನ ಬೀನ್ಸನ್ನು ಒಮ್ಮೆಯೂ ತಿಂದಿರಲಿಲ್ಲ. “ಇವತ್ತ ಬರಿ,” ಎಂದರು, “ಕಾಕಿ ಕೈರುಚಿ ಕಳದು.”

ಆ ನಾಲ್ಕು ಕಾಯಿ ಒಣಗುವವರೆಗೆ ಬಸಪ್ಪ ಕಾಕಾ ದಿನವೂ ಕಾವಲು ಕೂತರು, ಮುಖ್ಯವಾಗಿ ಹೆಂಡತಿಯಿಂದ. ಹದಿನೇಳು ಬೀಜ ಸಿಕ್ಕವು. ಅವುಗಳಿಂದ ಬೆಳೆಸಿ ಆರಿಸಿದ ತಳಿ ಇಂದು ಗೋಕಾಕದ ಹೊಲಗಳಲ್ಲೂ ಇದೆ. ಕಾಗದದಲ್ಲಿ ಅದಕ್ಕೊಂದು ನಂಬರಿದೆ. ಜನ ಮಾತ್ರ ‘ಬೀಗರ ಬೀನ್ಸ’ ಎನ್ನುತ್ತಾರೆ.

ಅಂದಿನಿಂದ ಕಾಕಿ ತಿಂದು ಒಪ್ಪದ ಗಿಡಕ್ಕೆ ನಾನು ರಿಬ್ಬನ್ ಕಟ್ಟುವುದಿಲ್ಲ. ಈ ಮಧ್ಯಾಹ್ನವೂ ಹೊಸ ತಳಿಯ ಕಾಯಿ ಹಿಡಿದು ಬೆಲ್ಲದ ಬಾಗೇವಾಡಿಗೆ ಹೋಗಿದ್ದೆ. ಕಾಕಿಗೆ ಕೈನೋವು, ಒಲೆಯ ಮುಂದೆ ನನ್ನನ್ನೇ ಕೂಡಿಸಿದಳು. ಈಗ ನಾನು ಅವಳಿಗೆ ಸಾಹೇಬನಲ್ಲ. ಒಂದು ತುತ್ತು ನಿಧಾನವಾಗಿ ಅಗಿದು ತೀರ್ಪು ಕೊಟ್ಟಳು:

“ತಮ್ಮಾ, ಕಾಯಿ ಪಾಸ. ಅಡಗಿ ಮಾಡಿದಾಂವ ನಪಾಸ.”

ನಾನೂ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡೆ. ಉಪ್ಪು ಹಾಕುವುದನ್ನೇ ಮರೆತಿದ್ದೆ.