ಮಾವನ ಪೆನ್ಸಿಲ್

ಸೊಸೆ ಗಟ್ಟಿಯಾಗಿ ಓದಬೇಕು, ಮಾವ ಗುರುತು ಹಾಕಬೇಕು. ಶಾಲಾಪುಸ್ತಕ ಅಚ್ಚು ಹಾಕುವ ಆ ಪ್ರೆಸ್ಸಿನಲ್ಲಿ ಇಂಗ್ಲಿಷ್ ಕರಡು ತಿದ್ದುವ ಕ್ರಮವೇ ಅದು. ಮೂಲಪ್ರತಿ ಅವಳ ಕೈಯಲ್ಲಿ, ಅಚ್ಚಾದ ಹಾಳೆ ಮಾವನ ಮುಂದೆ. ಅಲ್ಪವಿರಾಮ ಬಂದರೆ ಅವಳು ಮೇಜು ಕುಟ್ಟುತ್ತಾಳೆ. ಮೆಷಿನ್ನಿನವರು ಇಬ್ಬರಿಗೂ ಸೇರಿಸಿ ಇಟ್ಟ ಹೆಸರು ರೇಡಿಯೋ ಸ್ಟೇಷನ್.

ಹಳೆ ಯಜಮಾನರ ಮಗ ಕುರ್ಚಿಯಲ್ಲಿ ಕೂತದ್ದೇ ತಡ, ಹೊಸ ಅಪ್ಪಣೆ ಬಂತು. ಇನ್ನು ಅಮೆರಿಕದವರ ಚಿಕ್ಕ ಸ್ಪೆಲಿಂಗ್. ಕಲರ್‌ನ ‘ಯು’ ತೆಗೆಯಿರಿ, ಪ್ರೋಗ್ರಾಂನ ಕೊನೆಯ ‘ಎಂಇ’ ಬಾಲ ಕತ್ತರಿಸಿ. ಮಾವ ಕೆಂಡವಾದರು.

"ಓದೋರ ಕಣ್ಣಿಗೊಂದು ರೂಢಿ ಇರುತ್ತಪ್ಪ, ಕೆಡಿಸಬೇಡ."

"ಮ್ಯೂಸಿಕ್ ಕೊನೇಲೂ ಹಿಂದೆ ಒಂದು ‘ಕೆ’ ಇತ್ತಂತೆ ಸಾರ್. ಉದುರಿಹೋಯ್ತು. ಯಾರಾದ್ರೂ ಅತ್ತರಾ?"

ದಿನಾ ಇದೇ ಜಟಾಪಟಿ. ಮುದುಕರ ಹಟ ಎಂದು ಸೊಸೆ ಒಳಗೊಳಗೇ ನಗುತ್ತಿದ್ದಳು. ಒಂದು ಮಧ್ಯಾಹ್ನ ಕೆಮ್ಮು ಬಂದು ಅವಳು ಒಂದು ಸಾಲು ಹಾರಿಸಿ ಓದಿದಳು. ಹಾಳೆಯಲ್ಲಿ ಆ ಸಾಲು ಇತ್ತು, ಮಾವ ತಡೆಯಬೇಕಿತ್ತು. ತಡೆಯಲಿಲ್ಲ. ‘ಸರಿ’ ಗುರುತು ಹಾಕಿ ಮುಂದೆ ಹೋದರು.

ಅವಳು ತಲೆಯೆತ್ತಿ ನೋಡಿದಳು. ಮಾವ ಹಾಳೆ ಓದುತ್ತಿಲ್ಲ, ಅವಳ ದನಿಯ ಹಿಂದೆ ಪೆನ್ಸಿಲ್ ಓಡಿಸುತ್ತಿದ್ದಾರೆ! ಅಂದಿನಿಂದ ಅವರು ತಿದ್ದಿದ್ದನ್ನೆಲ್ಲ ಕದ್ದು ಮತ್ತೆ ತಿದ್ದುವಳು. ಯಜಮಾನನ ಚಪ್ಪಲಿ ಸದ್ದಾದರೆ ನಾಲಿಗೆ ತಡವರಿಸುವುದು. ಗಂಡನಿಗೂ ಬಾಯಿಬಿಡಲಿಲ್ಲ. ರಜೆಯಲ್ಲೂ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ತಿರುಗುವ ಮನುಷ್ಯ, ಈ ಕೆಲಸ ಹೋದರೆ ಬದುಕುತ್ತಾರೆಯೇ?

ಜಗಳ ಬಗೆಹರಿಸಲು ಯಜಮಾನ ಒಂದು ದಿನ ಪಕ್ಕದಲ್ಲೇ ಬಂದು ಕೂತ. ಹೊಸ ಸ್ಪೆಲಿಂಗಿನ ಹಾಳೆ ಇಬ್ಬರಿಗೂ ಒಂದೊಂದು ಕೊಟ್ಟ.

"ಇವತ್ತು ನೀವು ಓದಿ ಸಾರ್, ಅವರು ಗುರುತು ಹಾಕ್ಲಿ. ಕಣ್ಣಿಗೆ ಎಲ್ಲಿ ಕಷ್ಟ ಆಗುತ್ತೆ ನೋಡೋಣ."

ಮಾವ ನೀರು ಕುಡಿದಷ್ಟು ಸಲೀಸಾಗಿ ಓದಿದರು. ಆದರೆ ಅವರು ಓದಿದ್ದು ಹಳೆ ಮುದ್ರಣದ ಪಾಠ, ಅವರಿಗೆ ಬಾಯಿಪಾಠ. ಹಾಳೆಯಲ್ಲಿ ಈ ಸಲ ಅದು ಅರ್ಧಕ್ಕರ್ಧ ಬದಲಾಗಿತ್ತು. ಆದರೂ ಸೊಸೆ ಸಾಲುಸಾಲಿಗೂ ‘ಸರಿ’ ಹಾಕಿದಳು. ಯಜಮಾನನ ಕತ್ತು ಅವಳ ಹಾಳೆಯತ್ತ ಬಾಗಿತು.

ಅವಳ ಪೆನ್ಸಿಲ್ ಒಮ್ಮೆಯೂ ತಡೆಯದೆ ಓಡುವುದು ಮಾವನ ಕಿವಿಗೆ ಬಿದ್ದಿರಬೇಕು. ಸೊಸೆ ತನ್ನನ್ನು ಕಾಯುತ್ತಿದ್ದಾಳೆಂದು ತಿಳಿದು ಓದು ನಿಲ್ಲಿಸಿದರು.

"ಆ ‘ಯು’ ತೆಗೆಸಿಬಿಡಪ್ಪ. ಇದ್ರೂ ಇಲ್ದಿದ್ರೂ ನನಗೆ ಕಾಣಲ್ಲ. ಹಳೇ ಪದಗಳಾದ್ರೆ ಮಸುಕಲ್ಲೂ ಗುರುತು ಸಿಗ್ತಿತ್ತು. ಅದಕ್ಕೇ ಅಷ್ಟು ಕೂಗಾಡಿದೆ."

ಮಾವ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ಅದರ ರಬ್ಬರಿನ ತುದಿ ಸೊಸೆಯ ಕಡೆ ಮಾಡಿ ಮೇಜಿನ ಮೇಲಿಟ್ಟರು.

"ಆ ಗುರುತೆಲ್ಲ ಅಳಿಸಮ್ಮ. ಮಕ್ಕಳು ಓದೋ ಪುಸ್ತಕ."