ಒಂದು ಕಿಲೋಮೀಟರ್ ನಡೆಯಲು ಕಷ್ಟವೇ?

ಮೂರು ಸಮೀಕ್ಷೆಗಳನ್ನು ಸೇರಿಸಿ ಒಂದು ಮಾಡಿಕೊಡಿ ಎಂದು ಹೇಳುವುದು ಸುಲಭ. ಹೇಳಿದವರು ನಮ್ಮ ಸಂಸ್ಥೆಯ ಮುಖ್ಯಸ್ಥರು, ಮಾಡಬೇಕಾದವಳು ನಾನು. ಶಿವಾಜಿನಗರ, ಹಲಸೂರು, ಕೆ.ಆರ್. ಪುರ, ಈ ಮೂರು ಕಡೆ ಮೂರು ತಂಡದವರು ಬೇರೆ ಬೇರೆ ಸಮಯದಲ್ಲಿ ಮನೆಮನೆಗೆ ಹೋಗಿ ವಯಸ್ಸಾದವರ ಆರೋಗ್ಯ ವಿಚಾರಿಸಿ ಬಂದಿದ್ದರು. ನಡೆಯಲಾಗದವರು ಎಲ್ಲಿ ಹೆಚ್ಚೋ ಅಲ್ಲಿಗೆ ಒಂದು ವರ್ಷ ಮಂಡಿನೋವಿನ ಚಿಕಿತ್ಸೆ ಮಾಡುವವರನ್ನು ಮನೆಗೇ ಕಳಿಸುವುದೆಂದು ಹಣ ಕೊಡುವವರು ತೀರ್ಮಾನಿಸಿದ್ದರು. ಒಂದೇ ಬಡಾವಣೆಗೆ. ಯಾವುದಕ್ಕೆ ಎಂಬುದನ್ನು ಸಿ.ವಿ. ರಾಮನ್ ನಗರದ ಆಫೀಸಿನಲ್ಲಿ ಕುಳಿತು ನಾನು ಮಾಡುವ ಪಟ್ಟಿ ಹೇಳಬೇಕಿತ್ತು.

ಪ್ರಶ್ನೆಯೇನೋ ಎಲ್ಲರಿಗೂ ಒಂದೇ: ಒಂದು ಕಿಲೋಮೀಟರ್ ನಡೆಯಲು ನಿಮಗೆ ಕಷ್ಟವಾಗುತ್ತದೆಯೇ? ಅಳತೆ ಒಂದೇ ಇದ್ದರೆ ತಾನೇ ಮೂರನ್ನೂ ಕೂಡಿಸಲು ಬರುವುದು? ಆದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಹಲಸೂರಿನವರು ಕೆರೆಯವರೆಗೆ ಹೋಗುತ್ತೀರಾ ಎಂದು ಕೇಳಿದ್ದರು. ಕೆ.ಆರ್. ಪುರದವರು ರೈಲ್ವೆ ಸ್ಟೇಷನ್‌ವರೆಗೆ ಎಂದಿದ್ದರು. ಶಿವಾಜಿನಗರದಲ್ಲಿ ಕೇಳಿದ್ದು ಮಾರ್ಕೆಟ್‌ವರೆಗೆ. ಅಲ್ಲಿ ಮನೆಮನೆ ಸುತ್ತಿದವರು ಲಿಂಗರಾಜಪುರದ ಒಬ್ಬ ಹೆಂಗಸು. ಗಲ್ಲಿಯಲ್ಲಿ ಎಲ್ಲರೂ ಅವರನ್ನು ಅಕ್ಕ ಎಂಬರ್ಥದಲ್ಲಿ ಆಪಾ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಫೋನ್ ಮಾಡಿದೆ.

"ಫಾರಂನಲ್ಲಿ ಕಿಲೋಮೀಟರ್ ಅಂತ ಇತ್ತಲ್ಲ ಆಪಾ."

"ಕಿಲೋಮೀಟರ್ ಆಟೋದವರಿಗೆ ಗೊತ್ತು ಮೇಡಂ. ಅಜ್ಜಿಗೇನ್ ಗೊತ್ತು? ಮಾರ್ಕೆಟ್ ಅಂದ್ರೆ ಥಟ್ಟಂತ ಹೇಳ್ತಾರೆ."

"ಮಾರ್ಕೆಟ್ ಎಲ್ಲರ ಮನೆಗೂ ಒಂದೇ ದೂರನಾ?"

"ಅದ್ ಹೇಗಾಗತ್ತೆ? ಕೆಲವರಿಗೆ ಪಕ್ಕದ್ ಗಲ್ಲೀನೇ."

ತಲೆ ಚಿಟ್ಟು ಹಿಡಿಯಿತು. ಅದರ ಮೇಲೆ ಇನ್ನೊಂದು ತಲೆನೋವು. ಎರಡು ಕಡೆಯ ಫಾರಂನಲ್ಲಿ ಉತ್ತರಕ್ಕೆ ಮೂರು ಆಯ್ಕೆಗಳಿದ್ದವು: ಕಷ್ಟವಿದೆ, ಕಷ್ಟವಿಲ್ಲ, ನಡೆಯುವುದೇ ಇಲ್ಲ. ಹಲಸೂರಿನ ಫಾರಂ ಮಾಡಿದ ಪುಣ್ಯಾತ್ಮರು ಎರಡೇ ಸಾಕೆಂದು ಮೂರನೆಯದನ್ನು ಬಿಟ್ಟಿದ್ದರು. ಮೂರೂ ಹೊಂದಬೇಕಲ್ಲ ಎಂದು ನಾನು ಉಳಿದೆರಡು ಕಡೆಯ "ನಡೆಯುವುದೇ ಇಲ್ಲ" ಎಂಬುದನ್ನು "ಕಷ್ಟವಿಲ್ಲ"ಕ್ಕೆ ಸೇರಿಸಿಬಿಟ್ಟೆ. ಕೆ.ಆರ್. ಪುರದಲ್ಲಿ ಹಾಗೆಂದ ಬಹಳ ಜನ ಮಗನ ಸ್ಕೂಟರಿನಲ್ಲಿ ಓಡಾಡುವವರು, ಶಿವಾಜಿನಗರದಲ್ಲೂ ಹಾಗೇ ಇರಬಹುದು ಅಂದುಕೊಂಡೆ. ಪಟ್ಟಿಯಲ್ಲಿ ಶಿವಾಜಿನಗರ ಕೊನೆಗೆ ಬಂತು. ಅಲ್ಲಿನ ಮುದುಕರಿಗೆಲ್ಲ ಕಾಲು ಗಟ್ಟಿ ಎಂದಾಯಿತು.

ಫೋನಿನಲ್ಲಿ ಇದನ್ನು ಹೇಳಿದಾಗ ಆಪಾ ನಕ್ಕೇಬಿಟ್ಟರು. "ಬಂದು ನೋಡಿ ಮೇಡಂ," ಎಂದರು.

ಮಾರ್ಕೆಟ್ ಪ್ರಶ್ನೆಯ ಬಗ್ಗೆ ಅವರಿಗೆ ಬುದ್ಧಿ ಹೇಳುವ ಉಮೇದಿನಲ್ಲೇ ಶಿವಾಜಿನಗರಕ್ಕೆ ಹೋದೆ. ಇಕ್ಕಟ್ಟಾದ ಮೆಟ್ಟಿಲು ಹತ್ತಿ ಎರಡನೇ ಮಹಡಿ ಸೇರುವಷ್ಟರಲ್ಲಿ ನನಗೇ ಏದುಸಿರು. ಒಬ್ಬ ಅಜ್ಜಿ ಕಿಟಕಿಯಿಂದ ಹಗ್ಗಕ್ಕೆ ಬುಟ್ಟಿ ಕಟ್ಟಿ ಕೆಳಗಿನ ತಳ್ಳುಗಾಡಿಯಿಂದ ಟೊಮೇಟೊ ಎಳೆದುಕೊಳ್ಳುತ್ತಿದ್ದರು. ಒಂದು ಕಿಲೋಮೀಟರ್ ನಡೆಯಲು ಕಷ್ಟವೇ ಎಂದು ಅಕ್ಷರ ಬಿಡದೆ ಕೇಳಿದೆ. ಅಜ್ಜಿ ದಖನಿ ಉರ್ದುವಿನಲ್ಲಿ ಏನೋ ಅಂದರು.

"ಇಳಿದ್ರೆ ತಾನೇ ಕಷ್ಟ ಅಂತಾರೆ," ಆಪಾ ಕನ್ನಡದಲ್ಲಿ ಹೇಳಿದರು. "ಇವರು ಕೆಳಗೆ ಇಳಿದು ಎರಡು ರಂಜಾನ್ ಆಯ್ತು. ನಾನು ಆಗ್ಲೇ ಬರೆದಿದ್ದೀನಲ್ಲ ಮೇಡಂ, ನಡೆಯೋದೇ ಇಲ್ಲ ಅಂತ."

ಬರೆದಿದ್ದರು. ಅಳಿಸಿದವಳು ನಾನು. ಊರಿಗೆಲ್ಲ ಅಳತೆಯ ಪಾಠ ಹೇಳಿಕೊಂಡು ತಿರುಗಿದವಳು, ಆ ಗಲ್ಲಿಯಲ್ಲಿ ಎಲ್ಲರಿಗಿಂತ ಕಷ್ಟದಲ್ಲಿದ್ದವರನ್ನು ಎತ್ತಿ ಆರೋಗ್ಯವಂತರ ಸಾಲಿನಲ್ಲಿ ಕೂರಿಸಿದ್ದೆ. ನಾಚಿಕೆಯಾಯಿತು. ಅಷ್ಟೇ ಸಿಟ್ಟೂ ಬಂತು, ಯಾರ ಮೇಲೆ ತೀರಿಸಿಕೊಳ್ಳಲಿ?

ಆಫೀಸಿಗೆ ಬಂದು ಸೇರಿಸಿದ್ದನ್ನೆಲ್ಲ ಬಿಡಿಸಿ, ನಡೆಯದವರನ್ನು ಕಷ್ಟವಿದ್ದವರ ಜೊತೆ ಎಣಿಸಿದೆ. ಶಿವಾಜಿನಗರ ಕೆ.ಆರ್. ಪುರವನ್ನು ದಾಟಿ ಮೇಲೆ ಬಂತು. ಆದರೆ ಹಲಸೂರಿನಲ್ಲಿ ನಡೆಯದವರೆಷ್ಟು ಎಂದು ಯಾರೂ ಕೇಳಿಯೇ ಇರಲಿಲ್ಲ. ಅದನ್ನು ಇವೆರಡರ ಜೊತೆ ಹೋಲಿಸಲು ಬರುವುದಿಲ್ಲವೆಂದು ಬರೆದು ಕಳಿಸಿದೆ. ಹಾಗಿದ್ದರೆ ಮೂರೂ ಕಡೆ ಹೊಸದಾಗಿ ಒಂದೇ ಫಾರಂನಲ್ಲಿ ಕೇಳಿ, ತೀರ್ಮಾನ ಮುಂದಿನ ವರ್ಷ ಎಂದು ಹಣ ಕೊಡುವವರಿಂದ ಉತ್ತರ ಬಂತು. ನಾನು ನಿಜ ಹೇಳಿದ್ದಕ್ಕೆ ಯಾರ ಮನೆಗೂ ಯಾರೂ ಹೋಗುವಂತಿರಲಿಲ್ಲ.

ವಾರ ಕಳೆದ ಮೇಲೆ ಆಪಾ ಫೋನ್ ಮಾಡಿದರು.

"ಚಿಕಿತ್ಸೆಯವರು ಮನೆಗೇ ಬರ್ತಾರೆ ಅಂತ ಹೇಳಿಬಿಟ್ಟಿದ್ದೆ, ಯಾವತ್ತು ಅಂತ ಅಜ್ಜಿ ಕೇಳ್ತಿದ್ದಾರೆ. ಏನ್ ಹೇಳ್ಲಿ?"

"ಮುಂದಿನ ವರ್ಷ ಅನ್ನಿ."

"ನನ್ ಕೈಲಾಗಲ್ಲ ಮೇಡಂ. ನೀವೇ ಬಂದು ಹೇಳಿ."

ಹೋದೆ. ನನ್ನನ್ನು ಕಂಡು ಅಜ್ಜಿ ಚಾಪೆ ಹಾಸಿದರು. ನಾನು ಬಾಯಿ ತೆರೆಯುವ ಮೊದಲೇ, ಮತ್ತೆ ಫಾರಂ ತುಂಬಲು ಬಂದಿದ್ದೇನೆಂದುಕೊಂಡು, ತಮಗೆ ಬರುವ ಅಷ್ಟಿಷ್ಟು ಕನ್ನಡದಲ್ಲಿ ಹೇಳಿದರು:

"ಬರ್ಕೊಮ್ಮ. ನಡೀತೀನಿ ಅಂತ ಬರ್ದ್ರೆ ಬೇಗ ಬರ್ತಾರೆ ಅಂದ್ರೆ, ಹಂಗೇ ಬರ್ಕೊ."