ನಾನಿದ್ದ ಹೆರಿಗೆ, ನಾನಿಲ್ಲದ ಹೆರಿಗೆ

ಬೆಳಿಗ್ಗೆ ಎಂಟೂಕಾಲಿಗೆ ನನ್ನ ಹೆಂಡತಿ ಸವಿತಾ ಸೊಂಟ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಎಂಟೂಕಾಲು ಎಂದು ಬರೆದುಬಿಟ್ಟೆ. ಆಗ ಗಡಿಯಾರ ನೋಡಿದ್ದೆನೋ ಇಲ್ಲವೋ ಗೊತ್ತಿಲ್ಲ. ಫೋನಿನಲ್ಲಿ ಉಳಿದಿರುವ ನೋವಿನ ಲೆಕ್ಕದ ಮೊದಲ ಗುರುತು ಎಂಟು ನಲವತ್ತರದು. ಅದಕ್ಕೂ ಮೊದಲಿನದು ಬರೀ ನನ್ನ ಮಾತು. ಇದೆಲ್ಲ ನಡೆದು ಎರಡು ತಿಂಗಳಾಗಿದೆ, ಆಗಲೇ ಹೀಗೆ.

"ಯಾಕೋ ಬ್ಯಾರೇನ ಅನಸಾಕತ್ತೈತ್ರಿ," ಎಂದಳು ಅವಳು.

"ಡೇಟಿಗೆ ಇನ್ನೂ ಹನ್ನೆರಡು ದಿನ ಐತಿ. ಸುಳ್ಳ ಬ್ಯಾನಿ ಇರಬೇಕು," ಎಂದೆ.

ನಮ್ಮದು ಬನಹಟ್ಟಿ. ಮನೆಯ ಮುಂದಿನ ಪಡಸಾಲೆಯಲ್ಲಿ ಎರಡು ಪವರ್‌ಲೂಮ್ ಇವೆ, ಅಪ್ಪ ಹೋದ ಮೇಲೆ ಅವ್ವನೇ ನಡೆಸುತ್ತಾಳೆ. ನಾನು ಜಮಖಂಡಿಯ ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಒಬ್ಬನೇ ಹೇಳಿದ್ದನ್ನು ನಂಬಬೇಡಿ, ಎರಡನೆಯ ಸಾಕ್ಷಿ ಹುಡುಕಿ ಎಂದು ವರ್ಷವಿಡೀ ಮಕ್ಕಳಿಗೆ ಹೇಳುವವನು. ಅವತ್ತು ರವಿವಾರ, ಮನೆಯಲ್ಲಿದ್ದೆ. ಮಗಳು ಶ್ರಾವಣಿ ಮುಧೋಳದ ಅಜ್ಜಿಯ ಮನೆಗೆ ಹೋಗಿದ್ದಳು. ನೋವಿನ ನಡುವಿನ ಅಂತರ ಎಣಿಸುವ ಒಂದು ಆ್ಯಪ್ ಫೋನಿಗೆ ಹಾಕಿಕೊಂಡೆ. ಹತ್ತು ನಿಮಿಷ. ಎಂಟು. ಮತ್ತೆ ಹನ್ನೊಂದು. ಲೆಕ್ಕಕ್ಕೆ ಸಿಗುತ್ತಿರಲಿಲ್ಲ.

"ಖರೆ ಬ್ಯಾನಿ ಆದ್ರೂ ಸಂಜೀತನಾ ಟೈಮ್ ಐತಿ," ಎಂದೆ. "ಶ್ರಾವಣಿ ಹುಟ್ಟಾಗ ಹದಿನೆಂಟು ತಾಸು ಆಗಿತ್ತಲ್ಲ. ನನಗ ಛಲೋ ನೆನಪೈತಿ."

ಸವಿತಾ ಏನೋ ಹೇಳಿದಳು. ಮಗ್ಗ ಎರಡೂ ನಡೆದಿದ್ದವು. ಮಗ್ಗದ ಮನೆಯಲ್ಲಿ ಯಾರೂ ದನಿ ಏರಿಸುವುದಿಲ್ಲ, ಹತ್ತಿರ ಬಂದು ಮಾತಾಡುತ್ತಾರೆ. ನಾನು ಹತ್ತಿರ ಹೋಗಲಿಲ್ಲ. ಅವಳು ತಲೆಯಾಡಿಸಿದಂತೆ ಕಂಡಿತು. ಊಟ ಮುಗಿಸಿ ಜಮಖಂಡಿಯ ದವಾಖಾನೆಗೆ ಹೋದರಾಯಿತು ಎಂದುಕೊಂಡು, ಟೆಸ್ಟ್ ಪೇಪರು ಹಿಡಿದು ಮಾಳಿಗೆಯ ಕೋಣೆಗೆ ಹೋದೆ.

ಹನ್ನೊಂದೂವರೆಗೆ ಕರೆಂಟು ಹೋಯಿತು.

ನಮ್ಮ ಓಣಿಯ ಮಗ್ಗಗಳೆಲ್ಲ ಒಂದೇ ಸಲಕ್ಕೆ ನಿಲ್ಲುವಾಗಿನ ಮೌನ ಹೊರಗಿನವರಿಗೆ ಹೇಳಿದರೆ ತಿಳಿಯುವುದಿಲ್ಲ. ಕಿವಿಯನ್ನು ಯಾರೋ ಒಳಗಿನಿಂದ ಒತ್ತಿದ ಹಾಗಿರುತ್ತದೆ. ಆ ಮೌನದಲ್ಲಿ ಕೆಳಗಿನ ನಡುಮನೆಯಿಂದ ದನಿ ಬಂತು.

ಸವಿತಾ ನನ್ನ ಹೆಸರು ಹಿಡಿದು ಕೂಗುತ್ತಿದ್ದಳು.

ಮದುವೆಯಾಗಿ ಎಂಟು ವರ್ಷ, ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. ಎಷ್ಟು ಹೊತ್ತಿನಿಂದ ಕೂಗುತ್ತಿದ್ದಳೋ ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ.

ಅವ್ವ ಮಗ್ಗದ ಹತ್ತಿರದಿಂದ ಓಡಿಬಂದು, ನೋಡಿ, ಪಕ್ಕದ ಮನೆಯ ನೀಲವ್ವಾಯಿಯನ್ನು ಕರೆಯಲು ಹೋದಳು. ನಾನು ೧೦೮ಕ್ಕೆ ಫೋನು ಮಾಡಿದೆ. ಅರ್ಧ ತಾಸು ಆಗಬಹುದು ಎಂದರು. ನೀಲವ್ವಾಯಿಗೆ ಎಂಬತ್ತು ದಾಟಿದೆ. ಒಂದು ಕಾಲಕ್ಕೆ ಈ ಓಣಿಯ ಅರ್ಧ ಜನರನ್ನು ಕೈಯಲ್ಲಿ ಹಿಡಿದು ಭೂಮಿಗಿಳಿಸಿದವಳು. "ನಾ ಬಿಟ್ಟು ಭಾಳ ವರ್ಷ ಆತವ್ವಾ, ಕಣ್ಣೂ ಕಾಣಂಗಿಲ್ಲ," ಎನ್ನುತ್ತಲೇ ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದುಕೊಂಡಳು. ನಾನು ಫೋನು ಹಿಡಿದು ನಿಂತಿದ್ದೆ. ಆ್ಯಪ್ ಇನ್ನೂ ಓಡುತ್ತಿತ್ತು.

"ಮಾಸ್ತರಾ, ಆ ಮೊಬೈಲೇನು ಹಡೀತೈತೇನು? ಬದಿಗಿ ಇಟ್ಟು ಆಕಿ ಬೆನ್ನಿಗಿ ಕುಂದರು."

ಬೆನ್ನಿಗೆ ಕುಳಿತೆ. ಅವಳ ತಲೆ ನನ್ನ ಎದೆಗೆ ಬಂತು. ಕೊಬ್ಬರಿ ಎಣ್ಣೆಯ ವಾಸನೆ. ನನ್ನ ಮಣಿಕಟ್ಟಿನಲ್ಲಿ ಊರಿದ ಅವಳ ಉಗುರು. ನೀಲವ್ವಾಯಿ ಮೇಲಕ್ಕೆ ಸರಿಸಿಕೊಂಡ ಹಸಿರು ಬಳೆಗಳು. ಇಷ್ಟು ನೆನಪಿದೆ. ಮಗು ಅತ್ತದ್ದು ನೆನಪಿಲ್ಲ. ಹೊರಗೆ ಬಂದ ಕೂಡಲೇ ಅತ್ತ ಎನ್ನುತ್ತಾಳೆ ಅವ್ವ. ಬೆನ್ನಿಗೆ ಎರಡು ಏಟು ಕೊಟ್ಟ ಮೇಲೆ ಅತ್ತ ಎನ್ನುತ್ತಾಳೆ ನೀಲವ್ವಾಯಿ. ನಾನು ಒಂದು ಮಾರು ದೂರದಲ್ಲಿದ್ದೆ, ನನ್ನ ಬಳಿ ಮಾತ್ರ ಆ ದನಿ ಇಲ್ಲ.

ಗಂಡು ಮಗು. ಕುದಿಯುವ ನೀರಿನಲ್ಲಿ ಅದ್ದಿದ ನೂಲಿನಿಂದ ನೀಲವ್ವಾಯಿ ಹೊಕ್ಕುಳಬಳ್ಳಿ ಕಟ್ಟಿದಳು. ಕತ್ತರಿಸಲಿಲ್ಲ. "ಗಾಡ್ಯಾಗಿನವ್ರು ಕತ್ತರಸ್ಲಿ. ಅವರ ಕತ್ರಿ ಸ್ವಚ್ಛ ಇರತೈತಿ."

ಮಗು ಬಂತು. ಮಾಸು ಬರಲಿಲ್ಲ.

ರಕ್ತ ನಿಲ್ಲಲಿಲ್ಲ.

ಆಂಬ್ಯುಲೆನ್ಸ್‌ನವರು ಬಳ್ಳಿ ಕತ್ತರಿಸಿ, ಸಲೈನ್ ಹಚ್ಚಿ ಜಮಖಂಡಿಗೆ ಒಯ್ದರು. ಅಲ್ಲಿ ಇಂಜೆಕ್ಷನ್ ಕೊಟ್ಟು, ಬ್ಲಡ್ ಬೇಕು, ಐಸಿಯು ಬೇಕು ಎಂದು ಬಾಗಲಕೋಟೆಗೆ ರೆಫರ್ ಮಾಡಿದರು. ಮುಧೋಳದ ಹತ್ತಿರ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬಾ ಇದ್ದವು. ಸೈರನ್ ಕೇಳಿಯೂ ಅವಕ್ಕೆ ಸರಿಯಲು ಜಾಗವಿರಲಿಲ್ಲ. ಸವಿತಾಳ ತುಟಿ ಬಿಳಿಚಿಕೊಂಡಿತ್ತು.

"ಕೂಸು ಎಲ್ಲೈತ್ರಿ?"

"ಇಲ್ಲೇ ಐತಿ. ಅವ್ವನ ಉಡ್ಯಾಗೈತಿ."

"ತೋರಸ್ರಿ."

ಅವ್ವ ಮಗುವನ್ನು ಓರೆಯಾಗಿ ಹಿಡಿದಳು. ಅಷ್ಟರಲ್ಲಿ ಸವಿತಾಳ ಕಣ್ಣು ಮುಚ್ಚಿತ್ತು. ಅವಳು ನೋಡಿದಳೋ ಇಲ್ಲವೋ ಎಂಬುದು ಆ ಹೊತ್ತಿಗೆ ನನಗೆ ಬದುಕುಸಾವಿನಷ್ಟೇ ದೊಡ್ಡ ಪ್ರಶ್ನೆಯಾಗಿ ಕಂಡಿತು. ನೋಡದೆ ಹೋಗಿಬಿಟ್ಟರೆ?

ಬಾಗಲಕೋಟೆಯಲ್ಲಿ ನೇರ ಓಟಿಗೆ ಒಯ್ದರು. ಮುಧೋಳದಿಂದ ನಮ್ಮ ಅತ್ತೆ, ಸವಿತಾಳ ತಾಯಿ, ಹಿಂದೆಯೇ ಬಂದರು. ಒಂದು ತಾಸಿನ ನಂತರ ಡಾಕ್ಟರ್ ಹೊರಗೆ ಬಂದರು. ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಾಸು ತೆಗೆದಿದ್ದೇವೆ, ಬ್ಲಡ್ ಏರುತ್ತಿದೆ, ಈಗಲೇ ಏನೂ ಹೇಳಲಾಗದು ಎಂದು ಕೇಸ್‌ಶೀಟ್ ತೆರೆದರು.

"ಫಸ್ಟ್ ಡೆಲಿವರಿಗೆ ಎಷ್ಟು ತಾಸು ಆಗಿತ್ತು? ಆಗ ಪ್ಲಸೆಂಟಾದ್ದು ಏನರೆ ತ್ರಾಸ ಆಗಿತ್ತೇನು?"

"ಹದಿನೆಂಟು ತಾಸು, ಡಾಕ್ಟರ್. ತ್ರಾಸ ಏನೂ ಆಗಿಲ್ಲ. ನಾನ ಅಲ್ಲಿದ್ದೆ."

ಅತ್ತೆ ನನ್ನ ಮುಖ ನೋಡಿದರು.

"ಎಲ್ಲಿದ್ರಿ ಅಳಿಯಂದಿರ? ನೀವು ಧಾರವಾಡದಾಗ ಪೇಪರ್ ತಿದ್ದಾಕತ್ತಿದ್ರಿ. ಮರುದಿನ ಮಧ್ಯಾಹ್ನ ಬಂದ್ರಿ." ಆಮೇಲೆ ಡಾಕ್ಟರ್ ಕಡೆ ತಿರುಗಿದರು. "ಮೂರು ತಾಸಿನಾಗ ಆತ್ರಿ ಬಾಯಾರ. ಹಿಂದಿನ ದಿನದ ಸುಳ್ಳ ಬ್ಯಾನೀನೂ ಹಿಡದು ನಾವ ಹದಿನೆಂಟು ಅಂತ ಹೇಳ್ಕೋತ ಬಂದೇವಿ. ಮಾಸು ಆಗಲೂ ಬಿದ್ದಿರಲಿಲ್ಲ. ಕೈ ಹಾಕಿ ತಗದ್ರು."

ಡಾಕ್ಟರ್ ಬರೆದುಕೊಂಡರು. "ಇದು ಮೊದಲ ಗೊತ್ತಿದ್ರ ಡೇಟಿಗಿಂತ ಮುಂಚೇನ ಅಡ್ಮಿಟ್ ಮಾಡ್ಕೋಬಹುದಿತ್ತು," ಎಂದು ಒಳಗೆ ಹೋದರು. ಬೈಯಲಿಲ್ಲ. ಬೈದಿದ್ದರೆ ಬೇಕಿತ್ತು. ಜಮಖಂಡಿಯ ಚೆಕಪ್‌ಗಳಲ್ಲಿ ಮೊದಲನೆಯದು ನಾರ್ಮಲ್ಲಾ ಎಂದು ಕೇಳಿದಾಗಲೆಲ್ಲ, ಸವಿತಾ ಬಾಯಿ ತೆರೆಯುವ ಮೊದಲೇ ಹೌದು ಎಂದವನು ನಾನು.

ನನಗೆ ಶ್ರಾವಣಿ ಹುಟ್ಟಿದ ದವಾಖಾನೆಯ ಹಸಿರು ಬೆಂಚು ನೆನಪಿದೆ. ಟಕ್ ಟಕ್ ಎನ್ನುವ ಫ್ಯಾನು ನೆನಪಿದೆ. ಬೆಳಗಿನ ಜಾವ ಬಾಗಿಲ ಹಿಂದಿನಿಂದ ಬಂದ ಶ್ರಾವಣಿಯ ಮೊದಲ ಅಳು ನೆನಪಿದೆ. ಓಟಿಯ ಮುಂದೆ ಕುಳಿತು ಹಳೆಯ ವಾಟ್ಸ್ಯಾಪ್ ತೆಗೆದೆ. ಶ್ರಾವಣಿಯ ಮೊದಲ ಫೋಟೋ ಸವಿತಾಳ ಅಣ್ಣ ಕಳಿಸಿದ್ದು. ಕೆಳಗೆ ನನ್ನ ಉತ್ತರ: ಭಾಳ ಖುಷಿ ಆತು, ನಾಳೆ ಬರ್ತೀನಿ.

ಮೊದಲ ಹೆರಿಗೆ ತವರಿನಲ್ಲಿ. ನಮ್ಮ ಕಡೆ ಅದು ನೇಮ. ಅಲ್ಲಿ ಗಂಡನಿಗೆ ಕೆಲಸವಿಲ್ಲ, ಅವನು ಬರಲಿಲ್ಲವೆಂದು ಯಾರೂ ಕೇಳುವುದೂ ಇಲ್ಲ. ಎಲ್ಲ ಮುಗಿದ ಮೇಲೆ ಪೇಢೆ ಡಬ್ಬಿ ಹಿಡಿದು ಬಂದು ತೊಟ್ಟಿಲಲ್ಲಿ ಇಣುಕಿದರೆ ಸಾಕು. ಅತ್ತೆ ಆ ಕಥೆಯನ್ನು ಎಷ್ಟೋ ಸಲ ಹೇಳಿದ್ದರು, ಬೆಂಚು, ಫ್ಯಾನು ಸಮೇತ. ಕೇಳುತ್ತ ಕೇಳುತ್ತ ನಾನು ಯಾವಾಗಲೋ ಆ ಬೆಂಚಿನ ಮೇಲೆ ಹೋಗಿ ಕುಳಿತುಬಿಟ್ಟಿದ್ದೆ. ಅಲ್ಲಿ ಕುಳಿತವನ ಅಧಿಕಾರದಿಂದ ಅವತ್ತು ಬೆಳಿಗ್ಗೆ ಸವಿತಾಳಿಗೆ ಟೈಮ್ ಐತಿ ಎಂದಿದ್ದೆ.

ಸವಿತಾ ಆರು ದಿನ ಐಸಿಯುನಲ್ಲಿದ್ದಳು. ಎರಡನೆಯ ದಿನ ಜ್ವರ ಬಂತು, ಇನ್ಫೆಕ್ಷನ್ ಎಂದರು. ಮಗುವನ್ನು ಎರಡು ದಿನ ನೋಡಿ, ಆರಾಮಿದೆ, ಇಲ್ಲಿ ಇಟ್ಟುಕೊಳ್ಳಬೇಡಿ ಎಂದು ಅವ್ವನ ಜೊತೆ ಬನಹಟ್ಟಿಗೆ ಕಳಿಸಿದರು. ನನಗೆ ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ ಒಳಗೆ ಬಿಡುತ್ತಿದ್ದರು. ಮಗುವಿನ ವಿಡಿಯೋ ತೋರಿಸಿದೆ. ಮೂರು ಸಲ ನೋಡಿ ಫೋನು ತಿರುಗಿ ಕೊಟ್ಟಳು.

"ಇದ್ರಾಗ ವಜ್ಜ ಗೊತ್ತಾಗಂಗಿಲ್ಲ," ಎಂದಳು. "ನೀವು ಎತ್ತಿಕೊಂಡೀರಲ್ಲ. ಹೆಂಗ ಅನಸ್ತೈತಿ ಹೇಳ್ರಿ."

ಶ್ರಾವಣಿಗಿಂತ ಹಗುರ ಎನ್ನಲು ಹೊರಟು ಸುಮ್ಮನಾದೆ. ಅದಾದರೂ ನನ್ನದೇ ನೆನಪೋ ಅಲ್ಲವೋ.

ಮೂರನೆಯ ದಿನ ಕಾರಿಡಾರಿನ ಕೊನೆಯ ವಾರ್ಡಿನಲ್ಲಿ ಯಾರದೋ ಮಗು ಅತ್ತಿತು. ಸವಿತಾಳ ಗೌನು ಎದೆಯ ಹತ್ತಿರ ಒದ್ದೆಯಾಯಿತು. ಔಷಧ ಸೇರಿದ ಹಾಲು ಮಗುವಿಗೆ ಬೇಡ ಎಂದು ಸಿಸ್ಟರ್ ಹಿಂಡಿ ತೆಗೆದರು.

"ಚೆಲ್ಲಿದ್ರೇನು?" ಸಂಜೆ ನಾನು ಒಳಗೆ ಹೋದಾಗ ಅವಳು ಕೇಳಿದ ಮೊದಲ ಮಾತು.

"ಹೂಂ."

ಗೋಡೆಯ ಕಡೆ ಮುಖ ತಿರುಗಿಸಿದಳು. ಉಳಿದ ಎಂಟು ನಿಮಿಷ ಅವಳ ಬೆನ್ನು ನೋಡುತ್ತ ನಿಂತಿದ್ದೆ.

ಮರುದಿನ ಬನಹಟ್ಟಿಗೆ ಹೋಗಿ ಬಂದೆ. ಮಗ್ಗ ಧಡಧಡ ನಡೆದಿತ್ತು, ಮಗು ಅದರ ಪಕ್ಕದ ಕೋಣೆಯಲ್ಲಿ ನಿದ್ದೆ ಮಾಡುತ್ತಿತ್ತು. "ಹೊಟ್ಯಾಗಿಂದ ಕೇಳಿ ಬಂದಾನ. ಸಪ್ಪಳ ನಿಂತ್ರನ ಅಳತಾನ," ಎಂದಳು ಅವ್ವ. ಅವನಿಗೆ ಸುತ್ತಿದ್ದ ಬಟ್ಟೆಯನ್ನು ಕೇಳಿದೆ. ಸವಿತಾಳದೇ ಹಳೆಯ ಸೀರೆಯ ತುಂಡು.

"ತಡಿ, ಬಿಸಿನೀರಾಗ ತೊಳದು ಕೊಡ್ತೀನಿ."

"ತೊಳೀಬ್ಯಾಡ."

ಅವ್ವ ನನ್ನನ್ನು ಒಂದು ಕ್ಷಣ ನೋಡಿ, ಹಾಗೇ ಮಡಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದಳು. ಐಸಿಯುಗೆ ಇಂಥದು ಒಯ್ಯುವಂತಿಲ್ಲ. ಅಂಗಿಯೊಳಗಿಟ್ಟು ಒಯ್ದೆ. ಸವಿತಾ ಅದನ್ನು ಮೂಗಿಗೆ ಒತ್ತಿಕೊಂಡಳು. ಎಷ್ಟೋ ಹೊತ್ತು ಹಾಗೇ ಇದ್ದಳು. ಸಿಸ್ಟರ್ ನೋಡಿದರು, "ಏನ್ರಿ ಇದು," ಎಂದರು, ಆಮೇಲೆ ಮಾನಿಟರ್ ಕಡೆ ತಿರುಗಿ ನಿಂತರು.

ಐದನೆಯ ದಿನ ಅವ್ವ ಮನೆಯಲ್ಲಿ ಐದೇಶಿ ಪೂಜೆ ಮಾಡಿದಳು. ಮಗುವಿನ ಹಣೆಬರಹ ಬರೆಯಲು ದೇವಿ ಬರುವ ದಿನ ಎಂಬ ನಂಬಿಕೆ. ಬಾಣಂತಿ ಕೂಡಬೇಕಾದ ಮಣೆಯ ಮೇಲೆ ಅವಳ ಸೀರೆ ಮಡಚಿ ಇಟ್ಟಿದ್ದಳಂತೆ. "ನೀ ನಂಬಬ್ಯಾಡಪಾ, ನಿಂತಲ್ಲೇ ಒಂದ್ಸಲ ಕೈ ಮುಗಿ, ಸಾಕು," ಎಂದಳು ಫೋನಿನಲ್ಲಿ. ಕೈ ಮುಗಿದೆನೋ ಇಲ್ಲವೋ ನೆನಪಿಲ್ಲ ಎಂದು ಬರೆಯುವುದು ಸುಲಭ. ಮುಗಿದೆ.

ಏಳನೆಯ ದಿನ ಜ್ವರ ಇಳಿದು ವಾರ್ಡಿಗೆ ಬಂದಳು. ನಾನು ಎಲ್ಲವನ್ನೂ ಹೇಳಿದೆ. ಬೆಂಚು, ಫ್ಯಾನು, ವಾಟ್ಸ್ಯಾಪ್, ಡಾಕ್ಟರ್ ಮುಂದೆ ಹೇಳಿದ ಸುಳ್ಳು.

"ಅವತ್ತು ಅಡಗಿಮನಿ ಬಾಗಲದಾಗ ನಿಂತು ನೀ ಏನಂದಿ?"

"ಹದಿನೆಂಟಲ್ರಿ, ಮೂರು ಅಂದೆ. ನೀವು ಹೂಂ ಅಂದ್ರಿ."

ನನ್ನ ನೆನಪಿನಲ್ಲಿ ಅವಳು ಇನ್ನೂ ತಲೆಯಾಡಿಸುತ್ತಲೇ ಇದ್ದಾಳೆ. ಎರಡರಲ್ಲಿ ಯಾವುದು ನಿಜ ಎಂದು ಹೇಳುವ ಮೂರನೆಯ ಸಾಕ್ಷಿ ಇಲ್ಲ. ಅವಳ ಮಾತನ್ನೇ ನಂಬಲು ನಿರ್ಧರಿಸಿದ್ದೇನೆ.

"ಇಷ್ಟು ವರ್ಷ ನಾ ಅಲ್ಲಿದ್ದೆ ಅಂತ ಎಲ್ಲಾರ ಮುಂದ ಹೇಳ್ಕೋತ ಬಂದೆ. ಒಂದ್ಸಲನೂ ತಿದ್ದಲಿಲ್ಲಲ್ಲ ನೀ."

"ನೀವು ಇದ್ದೆ ಅಂದಾಗ ನನಗ ಛಲೋ ಅನಸ್ತಿತ್ರಿ," ಎಂದಳು. "ಅಲ್ಲೇ ಹೊರಗ ಕುಂತೀರಿ ಅನಸ್ತಿತ್ತು. ಯಾಕ ತಿದ್ದಲಿ?"

ನನ್ನ ಸುಳ್ಳು ನೆನಪನ್ನು ನನಗಿಂತ ಹೆಚ್ಚು ಬಯಸಿದವಳು ಅವಳೇ. ಏಳು ವರ್ಷ ಹಿಂದಿನ ಆ ಮೂರು ತಾಸಿಗಾಗಿ ಅವತ್ತು ವಾರ್ಡಿನ ಸ್ಟೂಲಿನ ಮೇಲೆ ಕುಳಿತು ನಾನು ಆಸೆಪಟ್ಟೆ. ಹಸಿದವನು ಊಟಕ್ಕೆ ಆಸೆಪಟ್ಟ ಹಾಗೆ. ಸಿಗುವುದಿಲ್ಲ ಎಂದು ಗೊತ್ತಿತ್ತು.

ಹಾಲು ಕೊಡಬಹುದು ಎಂದು ಡಾಕ್ಟರ್ ಹೇಳಿದ್ದು ಒಂಬತ್ತನೆಯ ದಿನ. ಅವ್ವ ಮಗುವನ್ನು ತಂದಳು. ಸವಿತಾ ಎರಡೂ ಕೈ ಚಾಚಿದಳು. ಮಗು ಎದೆಗೆ ಬಾಯಿ ಹಚ್ಚಲಿಲ್ಲ. ಮುಖ ತಿರುಗಿಸಿ ಚೀರಿತು. ಬಾಟಲಿ ರೂಢಿಯಾಗಿದೆ ಎಂದರು ಸಿಸ್ಟರ್. ಅವಳು ಬಿಡಲಿಲ್ಲ. ಬೆವರುತ್ತ, ಅವನ ಗಲ್ಲಕ್ಕೆ ಬೆರಳು ತಾಗಿಸುತ್ತ ಕುಳಿತಳು. ಅರ್ಧ ತಾಸಿನ ಮೇಲೆ ಅವನು ಸೋತು ಬಾಯಿ ಹಚ್ಚಿದ.

"ಭಾಳ ವಜ್ಜ ಅದಾನ್ರಿ," ಎಂದಳು ನನ್ನ ಕಡೆ ನೋಡದೆ.

ಹಾಲು ಈಗಲೂ ಕಡಿಮೆ, ಜೊತೆಗೆ ಪೌಡರ್ ನಡೆದಿದೆ. ಮಾಳಿಗೆ ಮೆಟ್ಟಿಲು ಹತ್ತಿದರೆ ಅವಳಿಗೆ ಇನ್ನೂ ಏದುಸಿರು ಬರುತ್ತದೆ. ರಕ್ತದ ಗುಳಿಗೆ ಇನ್ನೂ ಮೂರು ತಿಂಗಳು. ಉಳಿದಳು. ಈ ಮಾತನ್ನು ಜೋರಾಗಿ ಹೇಳಲು ನನಗೆ ಇನ್ನೂ ಧೈರ್ಯವಿಲ್ಲ.

ಹೋದ ವಾರ ಶ್ರಾವಣಿಗೆ ಏಳು ತುಂಬಿತು. ಹುಟ್ಟುಹಬ್ಬದ ದಿನ ಅವಳು ಹುಟ್ಟಿದ ಕಥೆ ಹೇಳುವುದು ಪ್ರತಿ ವರ್ಷ ನನ್ನ ಪಾಲು. ಹೋಳಿಗೆ ತಿನ್ನುತ್ತ ಬಂದು ಪಕ್ಕದಲ್ಲಿ ಕುಳಿತಳು.

"ಅಪ್ಪಾ, ನಾ ಅತ್ತಿದ್ದು ಬಾಗಲದಾಗಿಂದ ನಿನಗ ಕೇಳಸ್ತಲ್ಲ, ಅದನ್ನ ಹೇಳು."

"ನಾ ಅಲ್ಲಿರಲಿಲ್ಲವ್ವಾ. ನಿಮ್ಮವ್ವನ್ನ ಕೇಳು."

ಅವಳು ನನ್ನನ್ನು ಅಂಗಡಿಯಲ್ಲಿ ಮೋಸಹೋದವರ ಹಾಗೆ ನೋಡಿದಳು. "ಮತ್ತ ತಮ್ಮ ಹುಟ್ಟಾಗ?"

"ಆಗ ಇದ್ದೆ."

"ಅಂವ ಹೆಂಗ ಅತ್ತ?"

"ನೆನಪಿಲ್ಲ."

"ನಿನಗ ಏನೂ ಗೊತ್ತಿಲ್ಲೇನು? ಸಾಲ್ಯಾಗ ಹೆಂಗ ಕಲಸ್ತಿ?"

ಸವಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೆರಿಗೆಯ ನಂತರ ಅವಳು ಹಾಗೆ ನಕ್ಕದ್ದು ಅದೇ ಮೊದಲು. ಮಗುವನ್ನು ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡು ಶ್ರಾವಣಿಯನ್ನು ಹತ್ತಿರ ಎಳೆದುಕೊಂಡಳು. ನಸುಕಿನ ನೋವಿನಿಂದ ಶುರುಮಾಡಿದಳು. ಅಜ್ಜಿ ಚಪ್ಪಲಿ ಮೆಟ್ಟಲು ಮರೆತು ದವಾಖಾನೆಗೆ ಓಡಿದ್ದು, ಮಾಮಾ ರಿಕ್ಷಾದವನ ಜೊತೆ ಜಗಳ ತೆಗೆದದ್ದು. ಇವನ್ನು ನಾನು ಯಾವತ್ತೂ ಕೇಳಿರಲಿಲ್ಲ.

"ಅಪ್ಪ ಎಲ್ಲಿದ್ದ ಆಗ?"

"ದಾರ್ಯಾಗಿದ್ರು. ಬರಾಕತ್ತಿದ್ರು."

"ಇಲ್ಲ," ಎಂದೆ. "ನಾ ಧಾರವಾಡದಾಗ ಮಲಗಿದ್ದೆ. ಇನ್ನೂ ಬಸ್ಸೂ ಹತ್ತಿರಲಿಲ್ಲ."

"ನೀವು ಸುಮ್ನ ಕುಂದರ್ರಿ," ಎಂದಳು ಸವಿತಾ. "ಈಗ ನಾ ಹೇಳಾಕತ್ತೇನಿ."

ಸುಮ್ಮನೆ ಕುಳಿತೆ. ಅವಳು ಹೇಳುತ್ತ ಹೋದಳು.